ಎಡಕ್ಕೆ ತಿರುಗದ ಜೀಪು

ಬೆಳಿಗ್ಗೆ ಅಂಗಳದಲ್ಲಿ ಜೀಪಿನ ಬಾನೆಟ್ ಎತ್ತಿ, ಸ್ಟೇರಿಂಗ್ ಆಯಿಲ್ ಡಬ್ಬಿಯ ಮುಚ್ಚಳ ತಿರುಗಿಸಿದೆ. ಆಯಿಲು ಒಂದು ಬೆರಳಿನಷ್ಟು ಇಳಿದಿತ್ತು. ಹೊಸ ಕ್ಯಾನಿನಿಂದ ಸುರಿಯುವಾಗ ಎರಡು ಹನಿ ಕೈಮೇಲೆ ಬಿತ್ತು. ಕೆಂಪು ದಾಸವಾಳ ಹಿಂಡಿದರೆ ಬರುವಂಥ ಬಣ್ಣ. ವಾಸನೆ ಮಾತ್ರ ಹೂವಿನದಲ್ಲ. ಸೀಮೆಎಣ್ಣೆಗೂ ಹೊಲಿಗೆ ಮಿಷನ್ನಿನ ಎಣ್ಣೆಗೂ ನಡುವೆ ಎಲ್ಲೋ ನಿಲ್ಲುವ ವಾಸನೆ. ಸೋಪು ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಆಮೇಲೆ ನಾನು ಮಾಡಿದ ಉಪ್ಪಿಟ್ಟಿನಲ್ಲೂ ಅದರ ಸುಳಿವು ಇರುತ್ತದೆಂದು ನಮ್ಮ ಅತ್ತೆಯ ದೂರು.

ಈ ವಾಸನೆ ಮೂಗಿಗೆ ಬಿದ್ದರೆ ನನಗೆ ನಮ್ಮ ಮಾವ ನೆನಪಾಗುತ್ತಾರೆ. ಮಾವ ಎಲ್ಲೂ ಹೋಗಿಲ್ಲ, ಗಾಬರಿಯಾಗಬೇಡಿ. ನಾನು ಆಯಿಲ್ ಸುರಿಯುವಾಗ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಎದುರಿಗಿರುವವರೇ ನೆನಪಾಗುವುದೂ ಉಂಟಲ್ಲ, ಹಾಗೆ. ನೆನಪಾಗುವುದು ಕೆಲವು ವರ್ಷದ ಹಿಂದಿನ, ಈ ಜೀಪಿನ ಮೇಲೆ ಸಿಟ್ಟು ಮಾಡಿಕೊಂಡಿದ್ದ ಮಾವ.

ನಾನು ಭೇರ್ಯದ ಕಡೆಯವಳು. ಮದುವೆಯಾಗಿ ಬಂದದ್ದು ಹನಗೋಡಿನ ಹತ್ತಿರದ ಈ ಊರಿಗೆ. ಬಂದ ಮೊದಲ ವಾರವೇ ಮನೆಯಲ್ಲಿ ಅತ್ತೆ, ಮಾವ, ಗಂಡ ಇವರ ಜೊತೆಗೆ ನಾಲ್ಕನೆಯವರೊಬ್ಬರು ಇದ್ದಾರೆಂದು ಗೊತ್ತಾಯಿತು. ಅದೇ ಈ ಜೀಪು. ಕೊಡಗಿನ ಯಾವುದೋ ಕಾಫಿ ತೋಟದಲ್ಲಿ ದುಡಿದು ಬಂದದ್ದು. ಗುಡ್ಡದ ದಾರಿಗೆ ಬೇಕೆಂದು ತೋಟದವರು ಅದಕ್ಕೆ ಪವರ್ ಸ್ಟೇರಿಂಗ್ ಕೂರಿಸಿದ್ದರು. ನಮ್ಮ ಕಡೆ ಅಷ್ಟು ಹಳೆಯ ಜೀಪಿಗೆ ಅದು ಅಪರೂಪ. ಮಾವನಿಗೆ ಅದೊಂದು ಹೆಮ್ಮೆ. ಮನೆಗೆ ನೆಂಟರು ಬಂದರೆ ಕಾಫಿಗೆ ಮೊದಲು ಜೀಪಿನ ಹತ್ತಿರ ಕರೆದೊಯ್ದು, "ನೋಡಿ, ಒಂದು ಬೆಳ್ಳಲ್ಲಿ ತಿರುಗ್ತದೆ" ಎಂದು ಒಂದೇ ಬೆರಳಿನಿಂದ ಸ್ಟೇರಿಂಗ್ ತಿರುಗಿಸಿ ತೋರಿಸುತ್ತಿದ್ದರು. ನಮ್ಮ ಅಪ್ಪನಿಗೂ ತೋರಿಸಿದರು. ಅಪ್ಪ ಊರಿಗೆ ಹೋಗಿ, "ಬೀಗರು ಒಳ್ಳೇವ್ರು, ವಸಿ ಜೀಪಿನ ಹುಚ್ಚು" ಎಂದರಂತೆ.

ಹುಚ್ಚೇನೋ ಹೌದು, ಆದರೆ ಅದರಿಂದ ಉಪಯೋಗವೂ ಇತ್ತು. ನಮ್ಮೂರಿನಿಂದ ಆಚೆ, ಕಾಡಿನ ಅಂಚಿನಲ್ಲಿ ಆದಿವಾಸಿಗಳ ಒಂದು ಹಾಡಿಯಿದೆ. ಅಲ್ಲಿಗೆ ಬಸ್ಸು ಹೋಗುವುದಿಲ್ಲ. ಹುಣಸೂರಿನ ಸಂತೆಯ ದಿನ ಮಾವ ಬೆಳಿಗ್ಗೆಯೇ ಅಲ್ಲಿಗೆ ಹೋಗಿ ಜನರನ್ನು ಹತ್ತಿಸಿಕೊಂಡು ಬರುತ್ತಿದ್ದರು. ಸಂತೆಗೆ ಹೋಗುವವರು, ಆಸ್ಪತ್ರೆಗೆ ಹೋಗುವವರು, ಮಗುವಿಗೆ ಚುಚ್ಚುಮದ್ದು ಹಾಕಿಸಬೇಕಾದವರು, ಸುಮ್ಮನೆ ಊರು ನೋಡಿ ಬರುವವರು. ಇವರನ್ನೆಲ್ಲ ಹೊರಡಿಸುವುದು ಬೊಮ್ಮಿ ಎಂಬ ಹೆಂಗಸಿನ ಕೆಲಸ. ಜೀಪಿನ ಹಿಂಬದಿಯ ಬಾಗಿಲ ಪಕ್ಕ ಅವಳು ಕೂತಳೆಂದರೆ ಎಲ್ಲರೂ ಹತ್ತಿದರೆಂದೇ ಲೆಕ್ಕ.

ಆ ವರ್ಷದ ಮಳೆಗಾಲದ ಹೊತ್ತಿಗೆ ಜೀಪು ನರಳತೊಡಗಿತು. ತಿರುಗಿಸಿದಾಗಲೆಲ್ಲ ಬಾನೆಟ್ಟಿನ ಒಳಗಿನಿಂದ 'ಕುಂಯ್' ಎಂಬ ಸದ್ದು, ಹೊಟ್ಟೆ ಹಸಿದ ನಾಯಿಮರಿಯ ಹಾಗೆ. ಜೊತೆಗೆ ಸ್ಟೇರಿಂಗ್ ಭಾರವಾಗಿದೆ, ಎಳೆದೂ ಎಳೆದೂ ತೋಳೆಲ್ಲ ನೋವು ಎಂದು ಮಾವ ಹೇಳುತ್ತಿದ್ದರು. ಅತ್ತೆ ರಾತ್ರಿ ಊಟವಾದ ಮೇಲೆ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತರುತ್ತಿದ್ದರು. "ಜೀಪಿಗೆ ಎಣ್ಣೆ ಇವ್ರು ಆಕ್ಕೊಳ್ಳಿ, ಇವ್ರ ತೋಳಿಗೆ ನಾನು ಆಕ್ತೀನಿ" ಎನ್ನುವುದು ಅವರ ಮಾತು.

ಒಂದು ಸಂತೆಯ ದಿನ ನಾನೂ ಜೀಪಿನಲ್ಲಿದ್ದೆ. ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುವುದು ನನ್ನ ಕೆಲಸ. ಹುಣಸೂರಿಗೆ ಬಂದಿದ್ದ ಪುಸ್ತಕದ ಕಟ್ಟು ತರಬೇಕಿತ್ತು. ಮುಂದೆ ಮಾವನ ಪಕ್ಕ ನಾನು, ಹಿಂದೆ ಬೊಮ್ಮಿ ಮತ್ತು ಹಾಡಿಯವರು. ನಾಲೆಯ ಏರಿಯ ಮೇಲೆ ಹೋಗುತ್ತಿದ್ದೆವು. ಬಲಕ್ಕೆ ನಾಲೆ, ಅಂಚಿನವರೆಗೆ ತುಂಬಿ ಹರಿಯುತ್ತಿದೆ. ಬಿದಿರು ಮೆಳೆಯ ಹತ್ತಿರ ಏರಿ ಎಡಕ್ಕೆ ತಿರುಗುತ್ತದೆ. ಏರಿ ತಿರುಗಿತು, ಜೀಪು ತಿರುಗಲಿಲ್ಲ. ಎದುರಿನ ಗಾಜಿನ ತುಂಬ ನೀರು ಕಂಡಿತು. ಮಾವ ಬ್ರೇಕಿನ ಮೇಲೆ ನಿಂತೇಬಿಟ್ಟರು. ಜೀಪು ಜಾರಿ, ಮುಂದಿನ ಬಲಗಾಲಿ ಅಂಚಿಗೆ ಬಂದು ನಿಂತಿತು. ಅದರ ಕೆಳಗಿನ ಮಣ್ಣು ಹೆಂಟೆಹೆಂಟೆಯಾಗಿ ನೀರಿಗೆ ಬೀಳುವ ಸದ್ದು ನನಗೆ ಕೇಳಿಸುತ್ತಿತ್ತು.

ಹಿಂದಿನಿಂದ ಯಾರೋ ಇಳಿಯಲು ಎದ್ದರು. ಬೊಮ್ಮಿ ಗದರಿದಳು. "ಯಾರೂ ಏಳ್‌ಬ್ಯಾಡಿ! ನಾವು ಇಳುದ್ರೆ ಮೂತಿ ಭಾರ ಆಯ್ತದೆ. ಅಕ್ಕಾ, ಮೊದ್ಲು ನೀನು ಇಳಿ, ಎಡಗಡೆಗೆ."

ನಾನು ಇಳಿದೆ. ಇಳಿದೆ ಎನ್ನುವುದಕ್ಕಿಂತ ಬಿದ್ದೆ ಎಂದರೆ ಸರಿ. ಮಾವ ಫೋರ್ ವೀಲ್ ಗೇರಿಗೆ ಹಾಕಿದರು. ಅವರ ಮುಖದಲ್ಲಿ ರಕ್ತವಿರಲಿಲ್ಲ. "ನೀವೂ ಇಳ್ಕಳಿ ಬೊಮ್ಮಿ" ಎಂದರು.

"ಭಾರಕ್ಕೆ ನಾವು ಇರ್ತೀವಿ. ಇಂದಕ್ಕೆ ತಗಿ ಅಣ್ಣೋ."

ಒಬ್ಬರೂ ಇಳಿಯಲಿಲ್ಲ. ತೊಡೆಯ ಮೇಲೆ ಮಗುವಿದ್ದವಳೂ ಅದನ್ನು ಎದೆಗೆ ಒತ್ತಿಕೊಂಡು ಕೂತೇ ಇದ್ದಳು. ಗಾಲಿಗಳು ಮಣ್ಣು ಕಚ್ಚಿದವು. ಜೀಪು ಇಂಚಿಂಚೇ ಹಿಂದಕ್ಕೆ ಬಂದು ಏರಿಯ ನಡುವೆ ನಿಂತಿತು. ಆಮೇಲೆ ಎಲ್ಲರೂ ಇಳಿದು ಬೇಲಿಯ ಪಕ್ಕ ಕೂತರು. ಮಾವ ಮಾತ್ರ ಸ್ಟೇರಿಂಗ್ ಹಿಡಿದು ಕೂತೇ ಇದ್ದರು. "ಪವರ್ ಓಗ್‌ಬುಡ್ತು ಕಣ್ರವ್ವಾ" ಎಂದರು. "ಎಡಕ್ಕೆ ತಿರುಗನೇ ಇಲ್ಲ ಇದು."

ನಿಧಾನವಾಗಿ ಹುಣಸೂರು ತಲುಪಿ ಸೀದಾ ಅನ್ವರಣ್ಣನ ಶೆಡ್ಡಿಗೆ ಹೋದೆವು. ಅನ್ವರಣ್ಣ ಬಾಯಿಯಲ್ಲಿ ಮಾತು, ಕೈಯಲ್ಲಿ ಸ್ಪ್ಯಾನರು ಎರಡನ್ನೂ ನಿಲ್ಲಿಸದೆ ಕೆಲಸ ಮಾಡುವ ಮೆಕ್ಯಾನಿಕ್ಕು. ಬಾನೆಟ್ ಎತ್ತಿದವನೇ ಬೆಲ್ಟ್ ಒತ್ತಿ ನೋಡಿ, ಸಡಿಲವಾಗಿದೆ ಎಂದು ಬಿಗಿ ಮಾಡಿದ. ಸದ್ದು ಹೋಗಲಿಲ್ಲ. ಹಾಗಾದರೆ ಪಂಪೇ ಹೋಗಿದೆ ಎಂದು ತೀರ್ಮಾನ ಕೊಟ್ಟು, ಪಂಪು ಬಿಚ್ಚಿ, ಅದರಲ್ಲಿ ಏನೂ ತಪ್ಪು ಕಾಣದೆ ಮತ್ತೆ ಕೂರಿಸಿದ. ಕೊನೆಗೆ ಆಯಿಲ್ ಡಬ್ಬಿಯ ಮುಚ್ಚಳ ತೆಗೆದಾಗ ಒಳಗೆ ಆಯಿಲಿನ ಮೇಲೆ ಕಾಸಿದ ಹಾಲಿನ ಹಾಗೆ ನೊರೆ. "ಇದೇ ಮೊದ್ಲು ನೋಡ್ಬೇಕಿತ್ತು ನಾನು" ಎಂದು ತನ್ನ ಹಣೆಗೆ ತಾನೇ ಹೊಡೆದುಕೊಂಡ. "ಗಾಳಿ ಎಳೀತಿದೆ ಗೌಡ್ರೇ. ಆಯಿಲ್ ಜೊತೆ ಗಾಳಿ ಹೋದ್ರೆ ಪಂಪು ಅಳದೆ ಇನ್ನೇನ್ ಮಾಡುತ್ತೆ?"

ಡಬ್ಬಿಯಿಂದ ಪಂಪಿಗೆ ಹೋಗುವ ರಬ್ಬರ್ ಪೈಪು ಕ್ಲಿಪ್ಪಿನ ಬುಡದಲ್ಲಿ ಕೂದಲೆಳೆಯಷ್ಟು ಸೀಳಿತ್ತು. ಹೊಸ ಪೈಪು ಹಾಕಿ, ಮುಂದಿನ ಎರಡೂ ಗಾಲಿಯನ್ನು ಜಾಕಿಯಲ್ಲಿ ಎತ್ತಿ, ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ಮೆಲ್ಲಗೆ ತಿರುಗಿಸುತ್ತ ಹೋದಂತೆ ಆಯಿಲಿನೊಳಗಿನ ಗುಳ್ಳೆಗಳು ಮೇಲೆದ್ದು ಒಡೆದವು. ನರಳಾಟ ನಿಂತಿತು. ನನಗಂತೂ ಯಾರದೋ ಜ್ವರ ಬಿಟ್ಟ ಹಾಗಾಯಿತು.

ಆದರೆ ಮುಂದಿನ ಸಂತೆಗೆ ಮಾವ ಮತ್ತೆ ಶೆಡ್ಡಿನ ಮುಂದೆ ಜೀಪು ನಿಲ್ಲಿಸಿದರು. ಅವತ್ತೂ ನಾನು ಜೊತೆಗಿದ್ದೆ. "ಸದ್ದೇನೋ ಓಯ್ತು ಅನ್ವರು. ಭಾರ ಓಗಿಲ್ಲ. ಎಡಕ್ಕೆ ತಿರುಗ್ಸೋಕೆ ಓದ್ರೆ ಕಲ್ಲು ಎಳ್ದಂಗಾಯ್ತದೆ."

ಅನ್ವರಣ್ಣ ಗಾಲಿಗೆ ಗಾಳಿ ನೋಡಿದ. ಮತ್ತೆ ಜಾಕಿ ಎತ್ತಿ ಕೀಲುಗಳಿಗೆಲ್ಲ ಗ್ರೀಸ್ ತುಂಬಿದ. ತಾನೇ ಒಂದು ಸುತ್ತು ಓಡಿಸಿ ಬಂದು, "ನನಗೇನೂ ಗೊತ್ತಾಗ್ತಿಲ್ಲ ಗೌಡ್ರೇ" ಎಂದ.

"ನಿಂದು ಇಂಜಿನ್ ಎತ್ತೋ ಕೈ. ನಿಂಗೇನು ಭಾರ ಗೊತ್ತಾಯ್ತದೆ?"

ಅವನಿಗೂ ಬೇಸರವಾಗಿತ್ತು. ಬಲಕ್ಕೆ ಹಗುರ, ಎಡಕ್ಕೆ ಮಾತ್ರ ಭಾರ ಅಂದರೆ ಸ್ಟೇರಿಂಗ್ ಬಾಕ್ಸಿನ ಒಳಗೇ ಏನೋ ಆಗಿದೆ. ಅದನ್ನು ಇಳಿಸಿ ಬಿಚ್ಚಬೇಕು, ಇಷ್ಟು ಹಳೆಯ ಗಾಡಿಗೆ ಸಾಮಾನು ಹುಡುಕಬೇಕು, ಅಲ್ಲಿಯವರೆಗೆ ಗಾಡಿ ಶೆಡ್ಡಿನಲ್ಲೇ ಇರಬೇಕು ಎಂದ. ಸಂತೆಯ ಚೀಲ ಹಿಡಿದು ನಿಂತಿದ್ದ ಬೊಮ್ಮಿ ಚೀಲವನ್ನು ನೆಲಕ್ಕಿಳಿಸಿದಳು. ಹಾಡಿಯ ಒಬ್ಬಳು ಬಸುರಿ ಆಗ ವಾರವಾರವೂ ಆಸ್ಪತ್ರೆಗೆ ಬರಬೇಕಿತ್ತು.

ಆಗ ನನ್ನ ಬಾಯಿಯಿಂದ ಒಂದು ಮಾತು ಹೊರಟಿತು. "ಮಾವ, ನಾನೊಂದ್ಸಲ ನೋಡ್ಲಾ?"

"ನಿಂಗೆ ಡ್ರೈವಿಂಗ್ ಬತ್ತದಾ ಮಗಾ?"

"ಲೈಸೆನ್ಸ್ ಅದೆ."

ಇದ್ದದ್ದು ನಿಜ. ಮದುವೆಗೆ ಮೊದಲು ಕೆ.ಆರ್. ನಗರದಲ್ಲಿ ಡ್ರೈವಿಂಗ್ ಸ್ಕೂಲಿಗೆ ಹೋಗಿ ಕಲಿತಿದ್ದೆ. ರಿವರ್ಸ್ ಒಂದನ್ನು ಬಿಟ್ಟು ಎಲ್ಲ ಬರುತ್ತಿತ್ತು. ರಿವರ್ಸಿನಲ್ಲಿ ಆ ಸ್ಕೂಲಿನ ಗೇಟಿಗೆ ನಾನು ಮಾಡಿದ ಗಾಯ ಈಗಲೂ ಇರಬಹುದು. ಮದುವೆಯಾದ ಮೇಲೆ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಹತ್ತಿ ಕೂತೆ. ಶೆಡ್ಡಿನ ಮುಂದಿನ ಬಯಲಿನಲ್ಲಿ ಬಲಕ್ಕೆ ಒಂದು ಸುತ್ತು ಹೊಡೆದೆ. ಆಮೇಲೆ ಉಸಿರು ಬಿಗಿಹಿಡಿದು, ಕಲ್ಲು ಎಳೆಯುವವಳ ಹಾಗೆ ಸಿದ್ಧಳಾಗಿ ಎಡಕ್ಕೆ ತಿರುಗಿಸಿದೆ. ಅದು ಬೆಣ್ಣೆಯ ಹಾಗೆ ತಿರುಗಿತು. ಇನ್ನೊಮ್ಮೆ ತಿರುಗಿಸಿದೆ. ಬಲಕ್ಕೆ ಎಷ್ಟು ಹಗುರವೋ ಎಡಕ್ಕೂ ಅಷ್ಟೇ. ಎಡಕ್ಕೆ ತಿರುಗಿಸುವಾಗ ನನ್ನ ಬಲಗೈ ಚಕ್ರದ ಜೊತೆ ಮೇಲಕ್ಕೆ ಏರುವುದನ್ನು ನೋಡಿದೆ. ಎದೆಯ ಮಟ್ಟದಿಂದ ಮೇಲಕ್ಕೆ, ತಲೆಯ ಎತ್ತರಕ್ಕೆ. ಆಗ ಮನಸ್ಸಿಗೆ ಬಂತು: ಈಚೆಗೆ ಮಾವ ಎಡಗೈಯಲ್ಲಿ ತಲೆ ಬಾಚುತ್ತಾರೆ. ಅಂಗಿ ತೊಡುವಾಗ ಅತ್ತೆಯನ್ನು ಕರೆಯುತ್ತಾರೆ. ಸ್ಟೇರಿಂಗ್ ಭಾರವಾಗಿ ತೋಳು ನೋಯುತ್ತಿದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ತೋಳು ಕೆಟ್ಟದ್ದರಿಂದ ಸ್ಟೇರಿಂಗ್ ಭಾರವಾಗಿತ್ತು.

ಇಳಿದು ಬಂದೆ. ಮಾವ ನನ್ನ ಮುಖವನ್ನೇ ನೋಡುತ್ತಿದ್ದರು. ಅಷ್ಟು ಜನರ ಮುಂದೆ ಹೇಗೆ ಹೇಳುವುದು? "ವಸಿ ಭಾರಾನೇ ಅದೆ ಮಾವ" ಎಂದೆ. ಪಾಪ, ಅನ್ವರಣ್ಣ ಸ್ಪ್ಯಾನರು ಕೆಳಗಿಟ್ಟು ನನ್ನನ್ನು ನೋಡಿದ, ಅನ್ಯಾಯವಾಯಿತು ಎನ್ನುವ ಹಾಗೆ.

ಮಾವ ನನ್ನನ್ನು ಪಕ್ಕಕ್ಕೆ ಕರೆದು ಮೆತ್ತಗೆ ಕೇಳಿದರು. "ಗಾಡಿ ಸರಿಯಾಗೇ ಅದೆ ಅಲ್ವಾ ಮಗಾ?"

ನನಗೆ ಕಣ್ಣು ತುಂಬಿತು. ಹೂಂ ಎಂದು ತಲೆಯಾಡಿಸಿದೆ.

"ನಂಗೂ ಒಂದೊಂದ್ಸಲ ಅನ್ನಿಸ್ತಿತ್ತು ಕಣವ್ವಾ" ಎಂದರು. "ಗಾಡೀದೇ ಆಗಿರ್ಲಿ, ಗಾಡೀದೇ ಆಗಿರ್ಲಿ ಅಂತ ಇದ್ದೆ." ಅನ್ವರಣ್ಣನ ಹತ್ತಿರ ಹೋಗಿ, "ಬಾಕ್ಸ್ ಬಿಚ್ಬ್ಯಾಡ ಬುಡು. ನಿನ್ ಕೆಲ್ಸ ನೆಟ್ಟಗದೆ" ಎಂದು ಎಡಗೈಯಿಂದ ಅವನ ಬೆನ್ನು ತಟ್ಟಿದರು. ಬೀಗದ ಕೈ ನನಗೆ ಕೊಟ್ಟು, ಸುತ್ತಿ ಬಂದು ಎಡಗಡೆಯ ಸೀಟು ಹತ್ತಿದರು.

ಹುಣಸೂರಿನಿಂದ ಊರಿಗೆ ಅವತ್ತು ಓಡಿಸಿದವಳು ನಾನು. ಬೊಮ್ಮಿ ಹಿಂದಿನಿಂದ, "ಅಕ್ಕಾ, ಬೇಗ ಓಗೋ ಆಸೆ ನಮ್ಗಿಲ್ಲ, ಬದುಕೋ ಆಸೆ ಅದೆ" ಎಂದಳು, ಎಲ್ಲರೂ ನಕ್ಕರು. ಹಾರನ್ ಹೊಡಿ, ಗೇರ್ ಇಳಿಸು, ಎಮ್ಮೆಗೆ ದಾರಿ ಬುಡು ಎಂದು ಮಾವ ದಾರಿಯುದ್ದಕ್ಕೂ ಹೇಳುತ್ತಿದ್ದರು. ಬಿದಿರು ಮೆಳೆ ಹತ್ತಿರವಾದಂತೆ ಸುಮ್ಮನಾದರು. ಈ ಕಡೆಯಿಂದ ಬರುವಾಗ ಆ ತಿರುವು ಬಲಕ್ಕೆ. ಅದನ್ನು ದಾಟಿ, ಏರಿಯಿಂದ ಊರ ದಾರಿಗಿಳಿಯಲು ನಾನು ಎಡಕ್ಕೆ ತಿರುಗಿಸತೊಡಗಿದಾಗ ಓರೆಗಣ್ಣಿನಲ್ಲಿ ಕಂಡಿತು: ಅವರ ಬಲಗೈ ತಾನಾಗಿ ಮೇಲೇಳುತ್ತಿದೆ, ಕಾಣದ ಚಕ್ರವೊಂದನ್ನು ಹಿಡಿದ ಹಾಗೆ. ಎದೆಯವರೆಗೆ ಎದ್ದು ಅಲ್ಲೇ ನಿಂತಿತು. ಅದನ್ನು ಅವರು ಎಡಗೈಯಿಂದ ಮೆಲ್ಲಗೆ ಹಿಡಿದು ತೊಡೆಯ ಮೇಲಿಟ್ಟುಕೊಂಡರು. ಜೀಪು ತಿರುಗಿತು.

ಮೈಸೂರಿನ ಡಾಕ್ಟರು ನೋಡಿ, ಭುಜದ ಕೀಲು ಬಿಗಿದುಕೊಂಡಿದೆ, ಸಕ್ಕರೆ ಕಾಯಿಲೆ ಇರುವವರಿಗೆ ಹೀಗಾಗುವುದುಂಟು, ವ್ಯಾಯಾಮ ಮಾಡಿದರೆ ನಿಧಾನವಾಗಿ ಬಿಡುತ್ತದೆ ಎಂದರು. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಇರುವೆಯ ಹಾಗೆ ಮೇಲಕ್ಕೆ ಹತ್ತಿಸುವುದು ಆ ವ್ಯಾಯಾಮ. ಎರಡನೇ ದಿನಕ್ಕೇ ಮಾವ, ಇದು ತಮಗಾಗದು ಎಂದು ಕೂತರು. ಅತ್ತೆ ಸುಣ್ಣದ ಡಬ್ಬಿ ತಂದು, ಅವರ ಬೆರಳು ಮುಟ್ಟಿದ ಕಡೆ ಗೋಡೆಗೆ ಒಂದು ಬೊಟ್ಟಿಟ್ಟರು. "ನಾಳೆ ಇದನ್ನ ದಾಟ್ಲಿಲ್ಲ ಅಂದ್ರೆ ಮುದ್ದೆ ಇಲ್ಲ" ಎಂದರು. ಮಾವನಿಗೆ ಮುದ್ದೆ ತಪ್ಪಲಿಲ್ಲ. ತಪ್ಪಿಸುವ ಧೈರ್ಯ ಅತ್ತೆಗೂ ಇರಲಿಲ್ಲ. ಆದರೂ ಬೊಟ್ಟುಗಳು ಮಳೆಗಾಲ, ಚಳಿಗಾಲ ದಾಟಿ ಕಿಟಕಿಯ ಮೇಲಕ್ಕೆ, ಅಲ್ಲಿಂದ ಕ್ಯಾಲೆಂಡರಿನ ಮೊಳೆಯವರೆಗೆ ಏರಿದವು. ಅಷ್ಟು ದಿನ ಸಂತೆಗೆ ಜೀಪು ಓಡಿಸಿದ್ದು ನಾನು. ಆ ಬಸುರಿಗೆ ಹುಣಸೂರಿನಲ್ಲೇ ಹೆರಿಗೆಯಾಗಿ, ತಾಯಿ ಮಗು ಇದೇ ಜೀಪಿನಲ್ಲಿ ಹಾಡಿಗೆ ಹೋದರು. ಕಡೆಗೊಂದು ದಿನ ಡಾಕ್ಟರು, ಇನ್ನು ಗಾಡಿ ಓಡಿಸಬಹುದು ಎಂದರು.

ಇವತ್ತು ಬೆಳಿಗ್ಗೆ ಆಯಿಲ್ ಹಾಕಿ ಬಾನೆಟ್ ಮುಚ್ಚಿ, ಯಾಕೋ ಅನ್ನಿಸಿ ಮಾವನಿಗೆ ಬೀಗದ ಕೈ ಚಾಚಿದೆ. ಇದು ಮೊದಲ ಸಲವೇನಲ್ಲ. ಕೇಳಿದಾಗಲೆಲ್ಲ ಇವತ್ತು ಬೇಡ, ನಾಳೆ ನೋಡಾನ ಎನ್ನುತ್ತಿದ್ದರು. ಒಳಗೊಳಗೇ ಹೆದರಿಕೆ ಉಳಿದಿದೆಯೇನೋ ಎಂದುಕೊಂಡಿದ್ದೆ. ಇವತ್ತು ಕೇಳಿಯೇಬಿಟ್ಟೆ. "ಕೈ ಸರಿಹೋಗಿ ಎಷ್ಟು ದಿನ ಆಯ್ತು ಮಾವ. ಓಡ್ಸೋಕೆ ಭಯಾನಾ?"

ಮಾವ ನಕ್ಕರು. ಬಲಗೈಯನ್ನು ತಲೆಯ ಮೇಲೆ ಪೂರ್ತಿ ಎತ್ತಿ ತೋರಿಸಿದರು. ಎಡಗಡೆಯ ಸೀಟಿಗೆ ಹತ್ತಿ ಕೂತು ಹೇಳಿದರು. "ಭಯ ಏನಿಲ್ಲ ಕಣವ್ವಾ. ಇಷ್ಟು ವರ್ಷ ಈ ದಾರೀಲಿ ಓಡಾಡ್ದೆ, ದಾರಿ ಒಂದ್ ಬುಟ್ಟು ಇನ್ನೇನೂ ನೋಡಿರ್ನಿಲ್ಲ. ಈ ಕಡೆ ಕೂತ್ಮೇಲೆ ಊರು ಕಾಣ್ತಾ ಅದೆ. ನೀನೇ ಓಡ್ಸು."

ಹೊರಟೆವು. ಹೊಗೆಸೊಪ್ಪಿನ ಹೊಲದಲ್ಲಿ ನವಿಲಿಳಿದಿದೆ ಎಂದರು. ಯಾರದೋ ಹೊಸ ಮನೆಗೆ ಹಸಿರು ಬಣ್ಣ ಹೊಡೆದಿದ್ದಾರೆ, ಚೆನ್ನಾಗಿಲ್ಲ ಎಂದರು. ನಾಲೆಯ ಆಚೆ ದಡದಲ್ಲಿ ಹೊಂಗೆ ಹೂಬಿಟ್ಟಿದೆ, ನೋಡು ಎಂದರು. ನಾನು ನೋಡುವ ಹಾಗಿರಲಿಲ್ಲ, ಎದುರಿಗೆ ತಿರುವಿತ್ತು. "ನೀವೇ ನೋಡಿ ಹೇಳಿ ಮಾವ" ಎಂದೆ. ಅವರು ಹೇಳುತ್ತಾ ಹೋದರು.