ಆಟಿಯಲ್ಲೊಂದು ಫ್ಲೆಕ್ಸ್

ಮೆಲ್ಕಾರಿನಲ್ಲಿ ನನ್ನದು ಫ್ಲೆಕ್ಸ್ ಪ್ರಿಂಟ್ ಮಾಡುವ ಅಂಗಡಿ. ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ನಮ್ಮ ಕರಾವಳಿ ಕಡೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಅಂಗಡಿಯಲ್ಲಿ ನೊಣ ಹೊಡೆಯುತ್ತಾ ಕೂರಬೇಕು. ಹೊರಗೆ ಮಳೆ ಮಾತ್ರ ಬಿಡುವುದಿಲ್ಲ. ಕಳೆದ ವರ್ಷ ಅಂಥದೊಂದು ಬೆಳಿಗ್ಗೆ, ಎದುರಿನ ಮುಚ್ಚಿದ ಅಂಗಡಿಯ ಜಗಲಿಯಲ್ಲಿ ಮಲಗುವ ಅಜ್ಜಿ ಒದ್ದೆ ಕಂಬಳಿ ಹೊದ್ದುಕೊಂಡು ಬಂದರು. ಬಯಲುಸೀಮೆಯವರು.

"ಹಳೇ ಬ್ಯಾನರ್ ಇದ್ರ ಒಂದು ಕೊಡ್ರಿ."

"ಈಗ ಆಟಿ ಅಲ್ವಾ ಅಜ್ಜಿ, ಕಾರ್ಯಕ್ರಮ ಯಾವುದೂ ಇಲ್ಲ. ಹಳೆಯದು ಎಲ್ಲಿಂದ ಬರ್ತದೆ?"

"ಹಂಗಂದ್ರ ಮಳಿಗೂ ಸೂಟಿ ಐತೇನ್ರಿ?"

ಅವರು ತಮಾಷೆಗೆ ಕೇಳಿದ್ದಲ್ಲ. ನನ್ನ ಹತ್ತಿರ ಇದ್ದದ್ದು ಒಂದೇ, ಉತ್ತರಕ್ರಿಯೆ ಮುಗಿದ ಮೇಲೆ ಬಿಚ್ಚಿ ತಂದಿದ್ದ ಶ್ರದ್ಧಾಂಜಲಿಯ ಫ್ಲೆಕ್ಸ್. ಸತ್ತವರ ಮುಖ ಇರುವುದನ್ನು ಹೊದೆಯಲಿಕ್ಕೆ ಕೊಡುವುದು ಹೇಗೆ ಎಂದು ಹಿಂದೆಮುಂದೆ ನೋಡಿದೆ. ಕೊನೆಗೆ ಕೊಟ್ಟೆ.

ಮಧ್ಯಾಹ್ನ ಹೋಗಿ ನೋಡಿದರೆ ಜಗಲಿಯ ಎದುರು ಅದನ್ನು ಕಟ್ಟಿದ್ದರು. ಮುಖ ಒಳಗೆ, ಬಿಳಿ ಬೆನ್ನು ಹೊರಗೆ. ನನ್ನ ಕಸುಬಿನ ಬುದ್ಧಿ ಸುಮ್ಮನಿರಬೇಕಲ್ಲ.

"ಉಲ್ಟಾ ಕಟ್ಟಿದ್ದೀರಿ ಅಜ್ಜಿ. ಪ್ರಿಂಟ್ ಇರುವ ಬದಿ ಹೊರಗೆ ಬರಬೇಕು."

"ಪಾಪ, ಸತ್ತವ್ರು. ಅವ್ರನ್ನ ಮಳ್ಯಾಗ ಹೆಂಗ ನಿಲ್ಲಸಲಿ?"

ಫ್ಲೆಕ್ಸ್ ಗಿಡ್ಡ. ಹಾಗೆ ಹೇಳುವಾಗ ಅಜ್ಜಿಯ ಎರಡೂ ಕಾಲು ಹೊರಗೆ ನೆನೆಯುತ್ತಿದ್ದವು. ಎಂಥ ಮಳೆ ಬಂದರೂ ಫ್ಲೆಕ್ಸಿನ ಮುಖಕ್ಕೆ ಏನೂ ಆಗುವುದಿಲ್ಲ ಎಂದು ಸತ್ತವರ ಮನೆಯವರಿಗೆ ಗ್ಯಾರಂಟಿ ಕೊಟ್ಟವ ನಾನೇ. ಆದರೂ ಅಜ್ಜಿ ಕಟ್ಟಿದ್ದನ್ನು ತಿರುಗಿಸದೆ ಹಾಗೇ ಬಿಟ್ಟು ಬಂದೆ.