ಮಂಗಳಮ್ಮನ ತಯಾರಿ ಬೈಗುಳ

ಮಳವಳ್ಳಿಯ ಒಂದು ಬೀದಿ ನಲ್ಲಿಯಲ್ಲಿ ಜಗಳ ಗೆದ್ದವರ ಕೊಡವೇ ಮೊದಲು ತುಂಬುತ್ತಿತ್ತು. ಮಂಗಳಮ್ಮ ಯೋಚಿಸಿ ಒಂದು ಬೈಗುಳ ಕಟ್ಟುವಷ್ಟರಲ್ಲಿ ನೀರೇ ನಿಂತುಹೋಗುತ್ತಿತ್ತು. ಅದಕ್ಕೇ ಅವಳು ರಾಗಿ ಬೀಸುವಾಗಲೇ ಅರ್ಧರ್ಧ ಮಾತು ಸಿದ್ಧಮಾಡಿಕೊಂಡಳು. ಗಂಡ, ಎಮ್ಮೆ, ಅತ್ತೆ ಒಂದು ಕಡೆ. ಅವರಿಗೆ ಆಗಬೇಕಾದ ಕೇಡು ಇನ್ನೊಂದು ಕಡೆ. ನಲ್ಲಿಯ ಹತ್ತಿರ ಯಾವುದಕ್ಕಾದರೂ ಯಾವುದನ್ನಾದರೂ ಜೋಡಿಸಿದರೆ ಮುಗಿಯಿತು.

ಮರುದಿನ ಪಕ್ಕದ ಮನೆಯ ಚಿಕ್ಕಬೋರಮ್ಮ ಕೊಡ ಮುಂದೆ ತಳ್ಳಿದಳು. ಮಂಗಳಮ್ಮ ಉಸಿರು ಬಿಡದೆ ಶುರುಮಾಡಿದಳು.

"ನಿನ್ ಗಂಡನ್ ಕೊಂಬು ಮುರೀಲಿ! ನಿನ್ನತ್ತೆ ಎಲ್ಡ್ನೇ ಮದ್ವೆ ಆಗ್ಲಿ!"

ಸಾಲಿನಲ್ಲೇ ನಿಂತಿದ್ದ ಆ ಹಲ್ಲಿಲ್ಲದ ಅತ್ತೆ ಮುಂದೆ ಬಂದು ಕೇಳಿದಳು: "ಗಂಡು ಯಾವೂರವ್ನು ಕಣವ್ವ?"

ಚಿಕ್ಕಬೋರಮ್ಮ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡು ಕಲ್ಲಿನ ಮೇಲೆ ಕೂತೇಬಿಟ್ಟಳು. ಅಷ್ಟರಲ್ಲಿ ಮಂಗಳಮ್ಮ ತನ್ನ ಕೊಡವನ್ನು ನಲ್ಲಿಯ ಕೆಳಗೆ ಸರಿಸಿದಳು.