ಸ್ಕ್ರೀನ್ ಬಿಳುಚಿದಾಗ ಅವ್ವನ ಪದ ಒಳಗಿತ್ತು

ಕಂಪ್ಯೂಟರ್ ಹ್ಯಾಂಗ್ ಆದರೆ ಜನ ಟೀ ಕುಡಿಯಲು ಎದ್ದುಹೋಗುತ್ತಾರೆ. ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಹಾಳಾದ್ದು ನಿಂತಿತು ಅಂದರೆ ತಕ್ಷಣ ಮುಚ್ಚಿ ಮತ್ತೆ ತೆರೆಯುವವಳು ನಾನು. ಆದರೆ ಆ ಮಧ್ಯಾಹ್ನ ಶಿರಾ ಗೇಟಿನ ನಮ್ಮ ಫ್ಲೆಕ್ಸ್ ಅಂಗಡಿಯಲ್ಲಿ ಮೌಸ್ ಹಿಡಿದು ಕೂತೆನೇ ಹೊರತು ಮುಚ್ಚಲಿಲ್ಲ. ಒಳಗೆ ಸಿಕ್ಕಿಕೊಂಡಿದ್ದದ್ದು ಅವ್ವನ ದನಿ.

ಮಾರನೆಯ ದಿನ ಅವಳನ್ನು ಆಸ್ಪತ್ರೆಗೆ ಸೇರಿಸಬೇಕಿತ್ತು. ಗಂಟಲಲ್ಲಿ ಗೆಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತು ಹೊರಡುವುದಿಲ್ಲ ಎಂದು ಡಾಕ್ಟರು ಮುಖಕ್ಕೇ ಹೇಳಿದ್ದರು. ಮಾರ್ಕೋನಹಳ್ಳಿ ಕಡೆಯ ನಮ್ಮೂರಿನಲ್ಲಿ ಅವಳು ಬಾಯಿ ತೆರೆಯದೆ ಯಾವ ಮದುವೆಯ ಸೋಬಾನೆಯೂ ಶುರುವಾಗುತ್ತಿರಲಿಲ್ಲ. ಫೋನಲ್ಲೇ ರೆಕಾರ್ಡ್ ಮಾಡಬಹುದಿತ್ತಲ್ಲ ಅನ್ನಬೇಡಿ, ಮಾಡಿ ನೋಡಿದ್ದೆ. ದನಿ ಎಷ್ಟು ಇಳಿದಿತ್ತೆಂದರೆ ಉಸಿರೊಂದೇ ಕೇಳುತ್ತಿತ್ತು. ಮದುವೆ ವಿಡಿಯೊಗಳಿಗೆಂದು ಅಂಗಡಿಯಲ್ಲಿ ಒಳ್ಳೆಯ ಮೈಕ್ ಇತ್ತು. ಅದರ ಮುಂದೆ ಕೂರಿಸಿದೆ.

ಅದೇ ಕಂಪ್ಯೂಟರಿನಲ್ಲಿ ನಮ್ಮನೆಯವರ ಬ್ಯಾನರ್ ಕೂಡ ತೆರೆದಿತ್ತು. ಗುಬ್ಬಿಯ ಒಂದು ಗೃಹಪ್ರವೇಶದ್ದು. ನೆಂಟರ ಫೋಟೊಗಳಿಂದ ಒಂದೊಂದೇ ಮುಖ ಕತ್ತರಿಸಿ ಬೆಳಿಗ್ಗೆಯಿಂದ ಕೂರಿಸುತ್ತಿದ್ದರು. ನಡುನಡುವೆ ಸೇವ್ ಮಾಡುವ ಅಭ್ಯಾಸ ಆ ಮಹಾನುಭಾವರಿಗಿಲ್ಲ.

ಅವ್ವ ನೀರು ಕುಡಿಯುತ್ತಾ, ಕೆಮ್ಮುತ್ತಾ, ಒಂದಾದ ಮೇಲೊಂದು ಸೋಬಾನೆ ಪದ ಹೇಳಿದಳು. ಕೊನೆಯದನ್ನು ಮುಗಿಸುವ ಹೊತ್ತಿಗೆ ದನಿ ದಾರದ ಎಳೆಯಷ್ಟಾಗಿತ್ತು. ಆಗಲೇ ಸ್ಕ್ರೀನ್ ಬಿಳುಚಿಕೊಂಡಿತು. ದನಿಯ ಜೊತೆ ಕುಣಿಯುತ್ತಿದ್ದ ಹಸಿರು ಗೆರೆ ನಿಂತೇಹೋಯಿತು. ಮೇಲೆ ‘ನಾಟ್ ರೆಸ್ಪಾಂಡಿಂಗ್’ ಅಂತ ಬಂತು.

"ಪವರ್ ಬಟನ್ ಒತ್ಬುಡು, ಸರಿಹೋಗುತ್ತೆ," ಅಂದರು ನಮ್ಮನೆಯವರು.

"ಒತ್ತಿದ್ರೆ ಎಲ್ಲಾ ಹೋಗುತ್ತೆ ಕಣ್ರೀ! ಇನ್ನೂ ಸೇವ್ ಆಗಿಲ್ಲ. ಅವ್ವ ಇನ್ನೊಂದ್ಸಲ ಹೇಳಕಾಗುತ್ತಾ?"

ಯಾವ ಪ್ರೋಗ್ರಾಂ ತೊಂದರೆ ಕೊಡುತ್ತಿದೆ ಎಂದು ಮೊದಲು ನೋಡಬೇಕಿತ್ತು. ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತಿದೆ. ಏನೂ ಆಗಲಿಲ್ಲ. ಬಗ್ಗಿ ನೋಡಿದರೆ ಡಿಲೀಟ್ ಕೀ ಒಳಗೇ ಅಂಟಿ ಕೂತಿದೆ! ಹಿಂದಿನ ವಾರ ಆಯುಧಪೂಜೆ. ಇವರು ಪ್ರಿಂಟರಿಗೆ ಹಾರ ಹಾಕಿ, ಕೀಬೋರ್ಡಿನ ಒಂದೊಂದು ಕೀಗೂ ಗಂಧ ಕಲಸಿದ ಕುಂಕುಮ ಇಟ್ಟಿದ್ದರು. ಒರೆಸಲು ಹೋದರೆ, ಪೂಜೆ ಮಾಡಿದ್ದನ್ನು ಒರೆಸಬಾರದು ಅಂತ ನನ್ನ ಕೈ ಹಿಡಿದಿದ್ದರು. ಅದು ಸಂದಿಗಿಳಿದು ಒಣಗಿ ಗಾರೆಯಾಗಿತ್ತು.

"ನಿಮ್ಮ ಭಕ್ತಿಗಿಷ್ಟು ಬೆಂಕಿ ಹಾಕ!" ಎಂದು ಕೂಗಿದೆ. ಪಕ್ಕದ ಮೊಬೈಲ್ ಅಂಗಡಿಯವರು ಇಣುಕಿ ನೋಡಿದರು. ನೋಡಲಿ ಅಂತ ಇನ್ನಷ್ಟು ಕೂಗಿದೆ. ನಿಜ ಹೇಳಬೇಕೆಂದರೆ ಸಿಟ್ಟಲ್ಲ, ಭಯ.

ಮೌಸ್ ಮಾತ್ರ ಇನ್ನೂ ಆಡುತ್ತಿತ್ತು. ಸ್ಕ್ರೀನಿನ ಕೆಳಗಿನ ಪಟ್ಟಿಯ ಮೇಲೆ ಮೌಸಿನ ಬಲಗಡೆ ಬಟನ್ ಒತ್ತಿ ಟಾಸ್ಕ್ ಮ್ಯಾನೇಜರ್ ಅಂತ ಆರಿಸಿದೆ. ಅದು ನಿಧಾನಕ್ಕೆ ತೆರೆಯಿತು. ರೆಕಾರ್ಡಿಂಗೂ ನಿಂತಿತ್ತು, ಬ್ಯಾನರೂ ನಿಂತಿತ್ತು. ಆದರೆ ಮೆಮೊರಿಯನ್ನೆಲ್ಲ ನುಂಗಿ ಕೂತಿದ್ದದ್ದು ಬ್ಯಾನರ್. ಒಂದನ್ನು ಮುಚ್ಚಿದರೆ ಇನ್ನೊಂದು ಉಸಿರಾಡಬಹುದು. ಖಾತ್ರಿಯೇನಿಲ್ಲ.

ನಾನು ಇವರ ಮುಖ ನೋಡಿದೆ. ಬ್ಯಾನರ್ ಒಯ್ಯುವವರು ಆಗಲೇ ಗುಬ್ಬಿಯಲ್ಲಿ ಬಸ್ಸು ಹತ್ತಿದ್ದರು.

"ನಂದನ್ನೇ ಮುಚ್ಚು," ಅಂದರು.

"ಬೆಳಿಗ್ಗೆಯಿಂದ ಮಾಡಿದ್ದೆಲ್ಲ ಹೋಗುತ್ತೆ."

"ಹೋಗ್ಲಿ ಬುಡು. ಮುಖ ಇನ್ನೊಂದ್ಸಲ ಕಟ್ ಮಾಡ್ತೀನಿ. ಬಂದೋರ ಕಾಲಾದ್ರೂ ಹಿಡಿತೀನಿ."

ಬ್ಯಾನರನ್ನು ಆರಿಸಿ ‘ಎಂಡ್ ಟಾಸ್ಕ್’ ಒತ್ತಿದೆ. ಗೃಹಪ್ರವೇಶದ ನೆಂಟರೆಲ್ಲ ಒಂದೇ ಏಟಿಗೆ ಮಾಯವಾದರು. ರೆಕಾರ್ಡಿಂಗ್ ಮಾತ್ರ ಬೆಳ್ಳಗೇ ನಿಂತಿತ್ತು. ಇಬ್ಬರೂ ಬಗ್ಗಿ ನೋಡುತ್ತಾ ಕಾದೆವು. ಆಮೇಲೆ ಸ್ಕ್ರೀನಿಗೆ ಬಣ್ಣ ಬಂತು. "ಅಯ್ಯೋ ದೇವರೇ!" ಎಂದೆ. ಹಸಿರು ಗೆರೆ ನನ್ನ ಕೂಗಿಗೆ ಎಗರಿತು. ನಿಂತಿದ್ದು ಸ್ಕ್ರೀನ್ ಅಷ್ಟೇ, ರೆಕಾರ್ಡಿಂಗ್ ಒಳಗೊಳಗೇ ನಡೆಯುತ್ತಲೇ ಇತ್ತು.

ನಿಲ್ಲಿಸಿದೆ, ಸೇವ್ ಮಾಡಿದೆ, ಪೆನ್‌ಡ್ರೈವಿಗೂ ಹಾಕಿದೆ, ಆಮೇಲೆ ಕೂತು ಅತ್ತೆ.

ಆಪರೇಷನ್ ಆಗಿ ಅವ್ವ ನಮ್ಮ ಮನೆಗೆ ಬಂದ ಮೇಲೆ ಅದನ್ನು ಮನೆಯ ಕಂಪ್ಯೂಟರಿನಲ್ಲಿ ಪೂರ್ತಿ ಹಾಕಿ ಕೇಳಿದೆವು. ಪದಗಳೆಲ್ಲ ಇವೆ. ಕೊನೆಗೆ ನನ್ನ ಕಿರುಚಾಟ. ಆ ಕಿರುಚಾಟದ ಅಡಿಯಲ್ಲಿ, ಆ ಹೊತ್ತು ನನಗೆ ಕೇಳಿಸದೇ ಹೋದ ಅವ್ವನ ಸಣ್ಣ ದನಿ: "ಹಂಗೆ ರೇಗ್ಬೇಡ ಕಣವ್ವ. ನನ್ ದನಿ ಹೋದ್ರೆ ಹೋಗ್ಲಿ, ನಿನ್ ದನಿ ಒಸಿ ತಗ್ಸು."

ಅವ್ವ ಆಡಿದ ಕೊನೆಯ ಮಾತು ಅದಲ್ಲ. ಆಮೇಲೂ ಆಸ್ಪತ್ರೆಯಲ್ಲಿ ಏನೇನೋ ಹೇಳಿದ್ದಳು. ಆದರೆ ನಮ್ಮ ಹತ್ತಿರ ಉಳಿದಿರುವುದು ಅದು. ಈಗ ನಾನು ಇವರ ಮೇಲೆ ರೇಗಿದಾಗ ಅವ್ವ ಸುಮ್ಮನೆ ಕಂಪ್ಯೂಟರಿನ ಕಡೆ ಕೈ ತೋರಿಸುತ್ತಾಳೆ. ಇವರು ಎದ್ದು ಅಷ್ಟನ್ನೇ ಹಾಕುತ್ತಾರೆ. ನಾನು ದನಿ ತಗ್ಗಿಸುತ್ತೇನೆ.